ಸಿಂಕಿನ ನಲ್ಲಿ ಬದಲಿಸಲು ಪ್ಲಂಬರ್ ಬರಲೇಬೇಕೇ?

ಸಿಂಕಿನ ನಲ್ಲಿ ಸೋರತೊಡಗಿದ ಕೂಡಲೇ ಪ್ಲಂಬರ್‌ಗೆ ಫೋನ್ ಹೋಗುತ್ತದೆ. ‘ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ ಸಾರ್’ ಎಂಬ ಉತ್ತರ ಬರುತ್ತದೆ. ಆ ನಾಳೆ ಬರುವಷ್ಟರಲ್ಲಿ ನಲ್ಲಿಯ ಕುತ್ತಿಗೆಗೆ ಬಟ್ಟೆ ಸುತ್ತಿ, ಕೆಳಗೊಂದು ಪಾತ್ರೆ ಇಟ್ಟು ವಾರ ಕಳೆದಿರುತ್ತದೆ. ಅವರದೂ ತಪ್ಪಿಲ್ಲ ಬಿಡಿ. ಅರ್ಧ ಗಂಟೆಯ ಕೆಲಸಕ್ಕೆ ಊರಿನ ಆ ತುದಿಯಿಂದ ಬಂದರೆ ಗಿಟ್ಟುವುದೆಷ್ಟು?

ಹಳೇ ನಲ್ಲಿ ಬಿಚ್ಚಿ ಹೊಸದನ್ನು ಕೂರಿಸುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ತೊಡಕು ಬರುವುದು ಎರಡೇ ಕಡೆ: ನೀರು ನಿಲ್ಲಿಸುವ ವಾಲ್ವ್ ಹತ್ತಿರ ಮತ್ತು ಗೋಡೆಯೊಳಗೆ ಕಣ್ಣಿಗೆ ಬೀಳದೆ ಕೂತಿರುವ ಎಲ್ಬೋ (ಪೈಪನ್ನು ನಲ್ಲಿಗೆ ಜೋಡಿಸುವ ಬಾಗಿದ ತುಂಡು) ಹತ್ತಿರ. ಇಲ್ಲಿ ಹೇಳುತ್ತಿರುವುದು ನಮ್ಮ ಬಹುಪಾಲು ಅಡುಗೆಮನೆಗಳಲ್ಲಿರುವ, ಗೋಡೆಯಿಂದ ಹೊರಬಂದು ಬಾಗಿದ ಕೊಳವೆ ಅತ್ತಿತ್ತ ತಿರುಗುವ ನಲ್ಲಿಯ ವಿಚಾರ. ಅಂಗಡಿಯಲ್ಲಿ ‘ಸಿಂಕ್ ಕಾಕ್’ ಎಂದು ಕೇಳಿ.

ನಿಜಕ್ಕೂ ಬದಲಿಸಬೇಕೇ?

ಎಷ್ಟೋ ಸಲ ಹೊಸ ನಲ್ಲಿಯೇ ಬೇಕಾಗುವುದಿಲ್ಲ. ಮುಚ್ಚಿದ ಮೇಲೂ ಬಾಯಿಂದ ತೊಟ್ಟಿಕ್ಕುತ್ತಿದ್ದರೆ ಕೆಟ್ಟಿರುವುದು ಒಳಗಿನ ಸ್ಪಿಂಡಲ್, ಅಂದರೆ ಹಿಡಿ ತಿರುಗಿಸಿದಾಗ ನೀರು ಬಿಡುವ, ತಡೆಯುವ ಭಾಗ. ಹಲವು ಸುತ್ತು ತಿರುಗಿಸಿ ತೆರೆಯುವ ಹಳೇ ಮಾದರಿಯಾದರೆ ಅದರ ತುದಿಯ ರಬ್ಬರ್ ವಾಷರ್ ಸವೆದಿರುತ್ತದೆ. ಕಾಲು ಸುತ್ತಿಗೇ ಪೂರ್ತಿ ತೆರೆಯುವ ಮಾದರಿಯಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳ ನಡುವೆ ಮರಳಿನ ಕಣವೋ ಬೋರ್‌ವೆಲ್ ನೀರಿನ ಸುಣ್ಣವೋ ಸೇರಿ ಗೀರು ಬಿದ್ದಿರುತ್ತದೆ. ಹಳೇ ಸ್ಪಿಂಡಲ್ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ಅಳತೆಯದನ್ನು ತನ್ನಿ. ಬಾಗಿದ ಕೊಳವೆಯ ಬುಡದಲ್ಲಿ ಒಸರುತ್ತಿದ್ದರೆ ಅಲ್ಲಿನ ಓ-ರಿಂಗ್ (ರಬ್ಬರ್ ಬಳೆ) ಬದಲಿಸಿದರೆ ಸಾಕು. ನೀರು ಸಣ್ಣಗೆ ಬರುತ್ತಿದೆ ಎಂದಾದರೆ ತುದಿಯ ಜಾಲರಿಯನ್ನು ಕಳಚಿ, ರಾತ್ರಿಯಿಡೀ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಹಾಕಿ ಬ್ರಷ್‌ನಿಂದ ಉಜ್ಜಿ ನೋಡಿ.

ನಲ್ಲಿಯ ಮೈಯೇ ಬಿರುಕು ಬಿಟ್ಟಿದ್ದರೆ, ಸ್ಪಿಂಡಲ್ ಕೂರುವ ಜಾಗ ಕೊರೆದುಹೋಗಿದ್ದರೆ, ಆ ಅಳತೆಯ ಸ್ಪಿಂಡಲ್ ಈಗ ಸಿಗುವುದೇ ಇಲ್ಲ ಎಂದಾದರೆ ಹೊಸದು ಕೊಳ್ಳಿ.

ಕೊಳ್ಳುವ ಮುನ್ನ ಅಳತೆ

ಗೋಡೆಗೆ ಕೂರುವ ಥ್ರೆಡ್ (ತಿರುಪಿನ ಗೆರೆಗಳಿರುವ ತುದಿ) ಬಹುತೇಕ ಎಲ್ಲ ಮನೆಗಳಲ್ಲೂ ಅರ್ಧ ಇಂಚಿನದು. ಪೊಟ್ಟಣದ ಮೇಲೆ 15 ಮಿ.ಮೀ. ಎಂದು ಬರೆದಿರುತ್ತಾರೆ, ಎರಡೂ ಒಂದೇ. ಗೋಡೆಯಿಂದ ಸಿಂಕಿನ ನಡುಭಾಗಕ್ಕೆ ಎಷ್ಟು ದೂರ ಎಂದು ಟೇಪ್ ಹಿಡಿದು ನೋಡಿ. ಕೊಳವೆ ಗಿಡ್ಡವಾದರೆ ನೀರು ಸಿಂಕಿನ ಅಂಚಿಗೆ ಬಿದ್ದು ಮೈಮೇಲೆ ಸಿಡಿಯುತ್ತದೆ. ನಿಮ್ಮ ಮನೆಯ ದೊಡ್ಡ ಕುಕ್ಕರ್, ಬಿಂದಿಗೆ ಕೊಳವೆಯ ಕೆಳಗೆ ಹಿಡಿಸುತ್ತವೆಯೇ, ಮೇಲಿನ ಪಾತ್ರೆ ಸ್ಟ್ಯಾಂಡ್‌ಗೆ ತಾಕದೆ ಕೊಳವೆ ತಿರುಗುತ್ತದೆಯೇ ಎಂಬುದನ್ನೂ ಅಲ್ಲೇ ನಿಂತು ನೋಡಿಕೊಳ್ಳಿ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿಯೊಂದಿದೆ: ನೀರಿನ ಒತ್ತಡ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಒಂದಂತಸ್ತಿನ ಮನೆಯ ತಾರಸಿ ಟ್ಯಾಂಕಿಗೂ ಸಿಂಕಿಗೂ ಇರುವ ಅಂತರ ಮೂರು ಮೀಟರ್ ಆಸುಪಾಸು. ಅಂದರೆ ಒತ್ತಡ 0.3 ಬಾರ್ ಮಾತ್ರ. ಶೋರೂಮಿನಲ್ಲಿ ಚೆಂದ ಕಾಣುವ, ಎಳೆದರೆ ಉದ್ದವಾಗುವ ಶವರ್ ಬಾಯಿಯ ನಲ್ಲಿಗಳು ಅಂಥ ಮನೆಯಲ್ಲಿ ಅಳುತ್ತಾ ನೀರು ಬಿಡುತ್ತವೆ. ನಲ್ಲಿಯ ತುದಿಯಲ್ಲಿ ಕೂತು ನೀರಿಗೆ ಗಾಳಿ ಬೆರೆಸುವ ಜಾಲರಿಗೆ ಏರೇಟರ್ ಎನ್ನುತ್ತಾರೆ; ಹೆಚ್ಚು ಒತ್ತಡ ಬೇಡುವ ಏರೇಟರ್‌ಗಳದೂ ಇದೇ ಕತೆ. ಪ್ರೆಷರ್ ಪಂಪ್ ಇರುವ ಅಪಾರ್ಟ್‌ಮೆಂಟ್‌ನವರು ಮಾತ್ರ ಏರೇಟರ್ ಬೇಡ ಎನ್ನಬಾರದು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಸ್ಥಳಗಳಿಗೆ ಇದನ್ನೇ ಕಡ್ಡಾಯ ಮಾಡಿತ್ತು. ಗಾಳಿ ಬೆರೆತ ಧಾರೆ ತುಂಬಿಕೊಂಡು ಬಂದಂತೆ ಕಂಡರೂ ಖರ್ಚಾಗುವ ನೀರು ಕಡಿಮೆ.

ಹಿತ್ತಾಳೆಯ ನಲ್ಲಿಯನ್ನು ಕೈಯಲ್ಲಿ ತೂಗಿ ನೋಡಿ. ಹಗುರ ಅನ್ನಿಸಿದರೆ ಒಳಗಿನ ಗೋಡೆ ತೆಳುವಾಗಿರುವ ಸಾಧ್ಯತೆ ಹೆಚ್ಚು. ಥ್ರೆಡ್ ಇರುವ ತುದಿಯಲ್ಲಂತೂ ಲೋಹ ದಪ್ಪವಾಗಿರಲೇಬೇಕು.

ನಲ್ಲಿಯ ಜೊತೆ ಇಷ್ಟನ್ನು ತನ್ನಿ: ಥ್ರೆಡ್‌ಗೆ ಸುತ್ತಿ ಸೋರಿಕೆ ತಡೆಯುವ ಟೆಫ್ಲಾನ್ ಟೇಪ್ ಎರಡು ಸುರುಳಿ, ನಲ್ಲಿಯನ್ನು ಗೋಡೆಯಿಂದ ಮುಂದಕ್ಕೆ ತರುವ ಗಿಡ್ಡ ಕೊಳವೆಯಾದ ಅರ್ಧ ಇಂಚಿನ ಒಂದು ಎಕ್ಸ್‌ಟೆನ್ಷನ್ ನಿಪ್ಪಲ್, ಅರ್ಧ ಇಂಚಿನದೇ ಒಂದು ಡಮ್ಮಿ ಪ್ಲಗ್. ಹೊಸ ನಲ್ಲಿ ಕೂರದೇ ಹೋದರೆ ಗೋಡೆಯ ಬಾಯಿಗೆ ಡಮ್ಮಿ ತಿರುಗಿಸಿ ಮನೆಗೆಲ್ಲ ನೀರು ಬಿಡಬಹುದು. ಕೆಲವೇ ರೂಪಾಯಿಯ ಈ ಪ್ಲಗ್ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ಉಪಕರಣಗಳ ಪೈಕಿ ಸ್ಕ್ರೂ ಸ್ಪ್ಯಾನರ್ ಸಾಕು. ಹಳೇ ನಲ್ಲಿ ಕಚ್ಚಿಕೊಂಡಿದ್ದರೆ ಪೈಪ್ ರೆಂಚ್ ಬೇಕಾಗುತ್ತದೆ.

ನೀರು ನಿಲ್ಲಿಸುವುದು

ಹಾರ್ಡ್‌ವೇರ್ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಕೆಲಸ ಶುರು ಮಾಡಿ. ಭಾನುವಾರ ಸಂಜೆ ಬೇಡವೇ ಬೇಡ. ಎರಡು ಬಕೆಟ್ ನೀರು ಹಿಡಿದಿಟ್ಟುಕೊಳ್ಳಿ.

ಸ್ವಂತ ಮನೆಯಾದರೆ ವಾಲ್ವ್ ಇರುವುದು ತಾರಸಿಯಲ್ಲಿ, ಟ್ಯಾಂಕಿನಿಂದ ಇಳಿಯುವ ಪೈಪಿನ ಮೇಲೆ. ಅಪಾರ್ಟ್‌ಮೆಂಟ್‌ನಲ್ಲಿ ಯುಟಿಲಿಟಿಯಲ್ಲೋ ಪೈಪ್ ಇಳಿಯುವ ಡಕ್ಟ್‌ನಲ್ಲೋ ಇರುತ್ತದೆ. ಉದ್ದ ಹಿಡಿಯ ಬಾಲ್ ವಾಲ್ವ್ ಆದರೆ ಹಿಡಿ ಪೈಪಿಗೆ ಅಡ್ಡವಾದಾಗ ನೀರು ನಿಂತಿದೆ ಎಂದರ್ಥ. ಚಕ್ರದಂಥ ಹಿಡಿಯ ಗೇಟ್ ವಾಲ್ವ್ ಆದರೆ ಹುಷಾರು. ವರ್ಷಗಟ್ಟಲೆ ಯಾರೂ ಮುಟ್ಟದ ಗೇಟ್ ವಾಲ್ವ್ ಒಳಗೆ ಸುಣ್ಣ ಕಟ್ಟಿ ಬಿಗಿದಿರುತ್ತದೆ. ಬಲವಂತ ಮಾಡಿದರೆ ಒಳಗಿನ ಕಡ್ಡಿ ಮುರಿದು ಚಕ್ರ ಸುಮ್ಮನೆ ಸುತ್ತತೊಡಗುತ್ತದೆ. ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಅಲುಗಿಸುತ್ತಾ ಸಡಿಲಿಸಿ. ಜಗ್ಗದಿದ್ದರೆ ಅಲ್ಲಿಗೇ ಬಿಟ್ಟು ಪ್ಲಂಬರ್‌ನನ್ನು ಕರೆಯಿರಿ. ಆಗ ರಿಪೇರಿಯಾಗಬೇಕಾದದ್ದು ವಾಲ್ವ್ ಹೊರತು ನಲ್ಲಿಯಲ್ಲ.

ವಾಲ್ವ್ ಮುಚ್ಚಿದ ಮೇಲೆ ಸಿಂಕಿನ ನಲ್ಲಿಯನ್ನೂ ಅದಕ್ಕಿಂತ ಕೆಳಮಟ್ಟದ ಇನ್ನೊಂದು ನಲ್ಲಿಯನ್ನೂ ತೆರೆದಿಡಿ. ಪೈಪಿನಲ್ಲಿ ಉಳಿದ ನೀರು ಇಳಿದುಹೋಗಲಿ. ಹತ್ತು ನಿಮಿಷ ಕಳೆದರೂ ಎಳೆಯಷ್ಟು ನೀರು ಬರುತ್ತಲೇ ಇದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ, ಮುಂದುವರಿಯಬೇಡಿ.

ಬಿಚ್ಚುವುದು

ಸಿಂಕಿನ ರಂಧ್ರಕ್ಕೆ ಬಟ್ಟೆ ತುರುಕಿ. ಸಣ್ಣ ಸ್ಕ್ರೂ ಒಳಗೆ ಬಿದ್ದರೆ ಹುಡುಕಲಾಗದು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರಕ್ಕೆ ಇದೇ ನಲ್ಲಿಯ ಬುಡದಿಂದ ಸಂಪರ್ಕ ಕೊಟ್ಟಿರುವ ಮನೆಗಳು ಬಹಳ. ಯಂತ್ರದ ಸ್ವಿಚ್ ಆರಿಸಿ, ಆ ತೆಳು ಪ್ಲಾಸ್ಟಿಕ್ ಕೊಳವೆ ಕಳಚಿ, ಯಾವ ಬಿಡಿಭಾಗ ಎಲ್ಲಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.

ಮೊದಲು ಬಾಗಿದ ಕೊಳವೆಯ ಬುಡದ ನಟ್ ಸಡಿಲಿಸಿ ಕೊಳವೆಯನ್ನು ತೆಗೆದಿಡಿ. ಇಲ್ಲದಿದ್ದರೆ ನಲ್ಲಿಯನ್ನು ಸುತ್ತಿಸುವಾಗ ಅದು ಟೈಲ್ಸ್‌ಗೂ ಕಿಟಕಿಗೂ ಹೊಡೆಯುತ್ತದೆ. ನಂತರ ನಲ್ಲಿಯ ಮೈಗೆ ಬಟ್ಟೆ ಸುತ್ತಿ, ಸ್ಪ್ಯಾನರನ್ನು ಗೋಡೆಗೆ ಆದಷ್ಟು ಹತ್ತಿರ ಹಿಡಿದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಜಗ್ಗಬೇಡಿ, ಮೇಲೆ ಕೆಳಗೆ ಒತ್ತಲೂಬೇಡಿ. ಬಲವೆಲ್ಲ ತಿರುಗಿಸುವುದಕ್ಕಷ್ಟೇ ಹೋಗಬೇಕು.

ಗೋಡೆಯೊಳಗೆ ಎಂಥ ಪೈಪಿದೆ ಎಂಬುದು ಇಲ್ಲಿ ಮುಖ್ಯ. ತಾರಸಿಯ ಮೇಲೆ ಇಳಿಯುವ ಪೈಪ್ ನೋಡಿದರೆ ಅಂದಾಜು ಸಿಗುತ್ತದೆ. ಬೂದು ಬಣ್ಣದ ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪ್) ಆದರೆ ಒಳಗಿನ ಎಲ್ಬೋ ತುಕ್ಕು ಹಿಡಿದು ನಲ್ಲಿಗೆ ಅಂಟಿರಬಹುದು. ಅದು ನಲ್ಲಿಯೊಂದಿಗೇ ತಿರುಗತೊಡಗಿದರೆ ಗೋಡೆಯೊಳಗಿನ ಜಾಯಿಂಟ್ ಬಿಡುತ್ತದೆ. ಕೆನೆ ಬಣ್ಣದ ಸಿಪಿವಿಸಿ (ಪ್ಲಾಸ್ಟಿಕ್ ಪೈಪ್) ಆದರೆ ಪ್ಲಾಸ್ಟಿಕ್ ಎಲ್ಬೋದೊಳಗೆ ಹಿತ್ತಾಳೆಯ ಥ್ರೆಡ್ ಕೂರಿಸಿರುತ್ತಾರೆ, ಅತಿಯಾಗಿ ಬಲ ಬಿದ್ದರೆ ಪ್ಲಾಸ್ಟಿಕ್ ಸೀಳುತ್ತದೆ. ನಲ್ಲಿಯ ಸುತ್ತಲಿನ ಗಾರೆ ಬಿರುಕು ಬಿಟ್ಟರೆ ಅಥವಾ ಗೋಡೆಯೊಳಗಿಂದ ‘ಕಟಕ್’ ಎಂದು ಕೇಳಿಸಿದರೆ ಸ್ಪ್ಯಾನರ್ ಕೆಳಗಿಡಿ. ಪ್ಲಾಸ್ಟಿಕ್ ನಲ್ಲಿ ಮುರಿದು ಅದರ ಥ್ರೆಡ್ ತುಂಡು ಗೋಡೆಯೊಳಗೇ ಉಳಿದರೂ ಅಷ್ಟೇ, ಅದನ್ನು ಹೊರತೆಗೆಯುವ ಉಪಕರಣ ಪ್ಲಂಬರ್ ಬಳಿ ಇರುತ್ತದೆ.

ನಲ್ಲಿ ಕೈಗೆ ಬಂದ ಮೇಲೆ ಗೋಡೆಯ ಬಾಯಿಯ ಹಳೇ ಟೇಪು, ಸಣಬಿನ ನಾರು, ತುಕ್ಕಿನ ಪುಡಿಯನ್ನೆಲ್ಲ ಹಳೇ ಟೂತ್‌ಬ್ರಷ್‌ನಿಂದ ತೆಗೆಯಿರಿ. ಆಮೇಲೆ ಬಾಯಿಗೆ ಬಕೆಟ್ ಒಡ್ಡಿ ಹಿಡಿದು, ತಾರಸಿಯಲ್ಲಿರುವವರಿಗೆ ಫೋನ್ ಮಾಡಿ ಎರಡು ಮೂರು ಸೆಕೆಂಡ್ ನೀರು ಬಿಡಿಸಿ ನಿಲ್ಲಿಸಿ. ಪೈಪಿನಲ್ಲಿ ಎದ್ದ ಕೊಳೆ ಹೊಸ ನಲ್ಲಿಯ ಸೆರಾಮಿಕ್ ಬಿಲ್ಲೆಗಳಿಗೆ ಹೋಗುವುದು ಹೀಗೆ ತಪ್ಪುತ್ತದೆ.

ಟೇಪ್ ಸುತ್ತುವುದು

ಟೇಪ್ ಸುತ್ತುವ ಮೊದಲು ಹೊಸ ನಲ್ಲಿಯನ್ನು ಬರಿದಾಗಿ ಕೈಯಲ್ಲೇ ತಿರುಗಿಸಿ ನೋಡಿ. ಸುತ್ತುಗಳನ್ನು ಎಣಿಸಿ. ಗೋಡೆಗೆ ಟೈಲ್ಸ್ ಹಾಕಿಸಿದ ಮೇಲೆ ಎಲ್ಬೋ ಒಳಗೆ ಉಳಿದು, ಎರಡು ಸುತ್ತಿಗೇ ನಲ್ಲಿಯ ಮೈ ಟೈಲ್ಸ್‌ಗೆ ತಾಕಿದರೆ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕು. ಗೋಡೆಗೆ ಅಂಟಿ ಕೂರುವ ದುಂಡನೆಯ ಫ್ಲ್ಯಾಂಜನ್ನು ನಲ್ಲಿಗೆ ತೊಡಿಸುವುದು ಟೇಪಿಗಿಂತ ಮೊದಲು.

ಥ್ರೆಡ್‌ನ ತುದಿ ನಿಮ್ಮ ಮುಖಕ್ಕೆ ಎದುರಾಗುವಂತೆ ನಲ್ಲಿ ಹಿಡಿದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಟೇಪ್ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಒಳಗೆ ಹೋಗುತ್ತಿದ್ದಂತೆ ಟೇಪ್ ಬಿಚ್ಚಿಕೊಂಡು ಗೋಡೆಯ ಬಾಯಲ್ಲಿ ಗುಡ್ಡೆಯಾಗುತ್ತದೆ. ತುದಿಯ ಮೊದಲ ಎಳೆ ಬಿಟ್ಟು ಶುರು ಮಾಡಿ. ಥ್ರೆಡ್‌ನ ಗೆರೆಗಳು ಟೇಪಿನ ಮೇಲೂ ಮೂಡುವಷ್ಟು ಎಳೆದು ಬಿಗಿಯಾಗಿ ಸುತ್ತಿ. ನಮ್ಮಲ್ಲಿ ಸಿಗುವ ತೆಳು ಟೇಪಿಗೆ ಹನ್ನೆರಡರಿಂದ ಹದಿನೈದು ಸುತ್ತು ಬೇಕು. ಕಡೆಯ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ.

ಈಗ ನಲ್ಲಿಯನ್ನು ಗೋಡೆಯ ಬಾಯಿಗೆ ನೇರವಾಗಿ ಹಿಡಿದು ಕೈಯಲ್ಲೇ ತಿರುಗಿಸಿ. ಮೂರು ಸುತ್ತಾದರೂ ಕೈಯಲ್ಲೇ ಹೋಗಬೇಕು. ಮೊದಲ ಸುತ್ತಿಗೇ ಬಿಗಿಯಾದರೆ ಥ್ರೆಡ್ ಅಡ್ಡ ಕಚ್ಚಿದೆ, ತೆಗೆದು ಮತ್ತೆ ಇಡಿ. ಕೈಗೆ ಬಗ್ಗದ ಮೇಲೆ ಸ್ಪ್ಯಾನರ್‌ನಿಂದ ಒಂದೋ ಒಂದೂವರೆಯೋ ಸುತ್ತು ಕೊಟ್ಟು, ನಲ್ಲಿ ನೆಟ್ಟಗೆ ನಿಲ್ಲುವಲ್ಲಿಗೆ ತನ್ನಿ. ಎಲ್ಲರೂ ಎಡವುವುದು ಇಲ್ಲೇ. ನೆಟ್ಟಗಿನ ಜಾಗ ದಾಟಿ ಒಂದಿಷ್ಟು ಓರೆಯಾದರೆ, ‘ಇಷ್ಟೇ ತಾನೆ’ ಎಂದು ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಕ್ಕೆ ಬಂದ ಕೂಡಲೇ ಒತ್ತಿ ಕೂತಿದ್ದ ಟೇಪ್ ಸಡಿಲವಾಗಿ ಆ ಜಾಯಿಂಟ್ ಖಂಡಿತ ಒಸರುತ್ತದೆ. ಮುಂದೆ ಇನ್ನೊಂದು ಸುತ್ತಿಗೆ ಆರಾಮಾಗಿ ಹೋಗುವಂತಿದ್ದರೆ ಹೋಗಲಿ. ಬಿಗಿ ಅನ್ನಿಸಿದರೆ ಪೂರ್ತಿ ಬಿಚ್ಚಿ, ಹಳೇ ಟೇಪ್ ಕಿತ್ತು, ಎರಡು ಸುತ್ತು ಹೆಚ್ಚಿಗೆ ಸುತ್ತಿ ಮತ್ತೆ ಹಾಕಿ. ಇದಕ್ಕಾಗಿಯೇ ಎರಡು ಸುರುಳಿ ತರಲು ಹೇಳಿದ್ದು.

ನೀರು ಬಿಟ್ಟು ನೋಡುವುದು

ಬಾಗಿದ ಕೊಳವೆ ಕೂರಿಸಿ, ತುದಿಯ ಏರೇಟರ್ ಕಳಚಿಟ್ಟು, ನಲ್ಲಿಯನ್ನು ತೆರೆದಿಟ್ಟು ವಾಲ್ವ್ ಬಿಡಿ. ಒಮ್ಮೆಲೇ ತೆರೆಯಬೇಡಿ. ಗಾಳಿ ಉಗುಳುತ್ತಾ ಕೆಂಪು ನೀರು ಬಂದು ಆಮೇಲೆ ತಿಳಿಯಾಗುತ್ತದೆ. ಆಗ ಏರೇಟರ್ ಹಾಕಿ ನಲ್ಲಿ ಮುಚ್ಚಿ. ಫ್ಲ್ಯಾಂಜನ್ನು ಮುಂದಕ್ಕೆ ಎಳೆಯಲು ಬರುವಂತಿದ್ದರೆ ಎಳೆದು, ಅದರ ಹಿಂದೆ ಜಾಯಿಂಟಿನ ಕೆಳಗೆ ನ್ಯೂಸ್‌ಪೇಪರ್ ತುಂಡೊಂದನ್ನು ಸಿಕ್ಕಿಸಿಡಿ. ಕೈಗೆ ಗೊತ್ತಾಗದ ತೇವವೂ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಒಂದು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ. ಆಮೇಲೆಯೇ ಆರ್‌ಒ ಕೊಳವೆ ಜೋಡಿಸಿ.

ಫ್ಲ್ಯಾಂಜ್ ಸುತ್ತ ಬಿಳಿ ಸಿಮೆಂಟ್ ಮೆತ್ತುವ ರೂಢಿಯಿದೆ. ಮೇಲೂ ಪಕ್ಕದಲ್ಲೂ ಬಳಿಯಿರಿ, ಕೆಳಗೆ ಬೆರಳಗಲ ಬಿಟ್ಟುಬಿಡಿ. ಮುಂದೆ ಎಂದಾದರೂ ಒಳಗೆ ಸೋರಿದರೆ ನೀರು ಆ ಸಂದಿನಿಂದ ಇಳಿದು ಕಣ್ಣಿಗೆ ಬೀಳುತ್ತದೆ. ಪೂರ್ತಿ ಮುಚ್ಚಿದ್ದರೆ ಅದೇ ನೀರು ಗೋಡೆಯೊಳಗೆ ಹರಿದು, ಆಚೆ ಕೋಣೆಯ ಬಣ್ಣ ಉಬ್ಬಿದಾಗಲಷ್ಟೇ ತಿಳಿಯುತ್ತದೆ.

ಸಿಂಕಿನ ಪಕ್ಕ ಕಲ್ಲಿನ ಮೇಲೆ ನಿಲ್ಲುವ ನಲ್ಲಿಯಾದರೆ ಕೆಲಸ ಇನ್ನೂ ಸುಲಭ. ಕೆಳಗಿನ ಕಪಾಟಿನಲ್ಲೇ ನೀರು ನಿಲ್ಲಿಸುವ ಸಣ್ಣ ವಾಲ್ವ್ (ಆಂಗಲ್ ಕಾಕ್) ಇರುತ್ತದೆ, ತಾರಸಿಗೆ ಹೋಗಬೇಕಿಲ್ಲ. ಅದರ ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇರುವುದರಿಂದ ಅಲ್ಲಿ ಟೇಪ್ ಸುತ್ತಬಾರದು. ಬಿಸಿನೀರು ತಣ್ಣೀರು ಎರಡೂ ಬರುವ ಗೋಡೆ ಮಿಕ್ಸರ್‌ನ ಎರಡು ಕಾಲನ್ನೂ ಒಂದೇ ಮಟ್ಟಕ್ಕೆ ತರುವುದಕ್ಕೆ ಪಳಗಿದ ಕೈ ಬೇಕು. ಮೊದಲ ಸಲಕ್ಕೆ ಅದು ಬೇಡ.

ಹಳೇ ನಲ್ಲಿಯನ್ನು ಕಸಕ್ಕೆ ಹಾಕಬೇಡಿ. ಹಿತ್ತಾಳೆಯದಾದರೆ ಗುಜರಿಯವರು ತೂಕಕ್ಕೆ ಹಾಕಿ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ದರ ಕೊಡುತ್ತಾರೆ. ಕ್ರೋಮಿಯಂ ಬಣ್ಣ ನೋಡಿ ‘ಸ್ಟೀಲು’ ಎಂದು ಕಡಿಮೆ ಹೇಳಿದರೆ ಥ್ರೆಡ್ ಕಡೆ ತಿರುಗಿಸಿ ತೋರಿಸಿ. ಹಳದಿ ಬಣ್ಣ ಅಲ್ಲಿ ಎದ್ದು ಕಾಣುತ್ತದೆ.