ಸೀರಿಯಲ್ ಪೋರ್ಟ್ ಇಲ್ಲದ ಚಿಪ್‌ನಿಂದ ಮಾತಾಡಿಸುವುದು ಹೇಗೆ?

ತೊಗರಿ ಹೊಲದ ತೇವ ಅಳೆಯಲು ಎಂಟು ಕಾಲಿನ (ಪಿನ್‌ನ) ಎಟಿಟೈನಿ 85 ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಸಾಕು. ಆದರೆ ಅದರಲ್ಲಿ ಸೀರಿಯಲ್ ಪೋರ್ಟ್, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ (0 ಅಥವಾ 1) ಆಗಿ ತಂತಿಯಲ್ಲಿ ಕಳಿಸುವ ಭಾಗ, ಇಲ್ಲ. ಅಳೆದದ್ದನ್ನು ಲ್ಯಾಪ್‌ಟಾಪ್‌ಗೆ ಹೇಳುವುದು ಹೇಗೆ? ಸಾದಾ ಪಿನ್ ಒಂದನ್ನು ಪ್ರೋಗ್ರಾಂನಿಂದಲೇ ಆನ್-ಆಫ್ ಮಾಡುತ್ತ ಪೋರ್ಟಿನ ಕೆಲಸ ಮಾಡಿಸಬಹುದು. ಇದಕ್ಕೆ ಬಿಟ್ ಬ್ಯಾಂಗಿಂಗ್ ಅಂತಾರೆ. ಟೈಮಿಂಗ್ ಮಾತ್ರ ಪಕ್ಕಾ ಇರಬೇಕು. ಕಲಬುರಗಿ ಬಿಸಿಲಿನಲ್ಲಿ ಕೈ ಕೊಡುವುದೂ ಅದೇ.

ಮೊದಲು ವೈರಿಂಗ್. ಚಿಪ್‌ನ 5ನೇ ಕಾಲನ್ನು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ನ ಆರ್‌ಎಕ್ಸ್‌ಗೆ (ಕೇಳಿಸಿಕೊಳ್ಳುವ ಪಿನ್‌ಗೆ) ಕೊಡಿ. 4ನೇ ಕಾಲು ಗ್ರೌಂಡ್, ಅದನ್ನು ಅಡಾಪ್ಟರ್‌ನ ಗ್ರೌಂಡ್‌ಗೆ ಸೇರಿಸಿ. ಇದನ್ನು ಮರೆತರೆ ಉಳಿದದ್ದೆಲ್ಲ ಸುಮ್ನೆ. ಎರಡೂ ಕಡೆ ಒಂದೇ ವೋಲ್ಟೇಜ್ ಇರಲಿ.

ಈಗ ಅಕ್ಷರ ಕಳಿಸೋಣ. ಸುಮ್ಮನಿರುವಾಗ ಪಿನ್‌ನ ವೋಲ್ಟೇಜ್ ಮೇಲೆ, ಅಂದರೆ 1ರಲ್ಲಿ ಇರುತ್ತದೆ. ಮಾತು ಶುರು ಅಂತ ಹೇಳಲು ಒಂದು ಬಿಟ್ ಹೊತ್ತು ಕೆಳಗಿಳಿಸಬೇಕು. ಆಮೇಲೆ ಎಂಟು ಬಿಟ್, ಚಿಕ್ಕ ಬೆಲೆಯದ್ದು ಮೊದಲು. ಕೊನೆಗೆ ಒಂದು ಬಿಟ್ ಹೊತ್ತು ಮತ್ತೆ ಮೇಲೆ. ಇಂಗ್ಲಿಷಿನ ದೊಡ್ಡ ‘ಎ’ (A) ಅಕ್ಷರದ ಕೋಡ್ 65, ಬಿಟ್‌ಗಳಲ್ಲಿ 01000001. ಅದು ತಂತಿಯಲ್ಲಿ 0, 1, 0, 0, 0, 0, 0, 1, 0, 1 ಎಂದು ಹೋಗುತ್ತದೆ. ಒಮ್ಮೆ ಪೇಪರ್ ಮೇಲೆ ಬರೆದು ನೋಡಿ, ಕೋಡ್ ಬರೆಯುವುದು ಸಲೀಸಾಗುತ್ತದೆ.

ವೇಗ ಸೆಕೆಂಡಿಗೆ 9600 ಬಿಟ್ ಇಟ್ಟುಕೊಂಡರೆ ಒಂದು ಬಿಟ್‌ಗೆ 104 ಮೈಕ್ರೋಸೆಕೆಂಡ್. ಚಿಪ್‌ನ ಗಡಿಯಾರವನ್ನು 8 ಮೆಗಾಹರ್ಟ್ಸ್‌ಗೆ ಇಟ್ಟರೆ ಅದು ಸೆಕೆಂಡಿಗೆ 80 ಲಕ್ಷ ಸಲ ಬಡಿಯುತ್ತದೆ, ಅಂದರೆ ಬಿಟ್‌ಗೆ ಸುಮಾರು 833 ಬಡಿತ. ಬಿಟ್ ಕಳಿಸುವ ಪ್ರೋಗ್ರಾಂನ ಲೂಪ್ ತಾನೇ ತಿನ್ನುವ ಬಡಿತಗಳನ್ನು ಇದರಲ್ಲೇ ಕಳೆಯಿರಿ. ಒಂದು ಅಕ್ಷರ ಮುಗಿಯುವವರೆಗೆ ಇಂಟರಪ್ಟ್ (ಕೆಲಸದ ನಡುವೆ ಚಿಪ್ ಅನ್ನು ಬೇರೆಡೆ ಕರೆಯುವ ವ್ಯವಸ್ಥೆ) ಬಂದ್ ಇಡಿ. ನಡುವೆ ಯಾರಾದರೂ ಕರೆದರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ರಾತ್ರಿ ಮನೆಯಲ್ಲಿ ಅಕ್ಷರಗಳು ಸರಿಯಾಗಿ ಬಂದಿದ್ದವು. ಮರುದಿನ ಮೇ ತಿಂಗಳ ಮಧ್ಯಾಹ್ನ ಹೊಲದಲ್ಲಿ ಬರೀ ಕಸ. ತಂತಿ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ತಪ್ಪಿದ್ದದ್ದು ಚಿಪ್‌ನ ಗಡಿಯಾರದಲ್ಲಿ. ಅದರ ಒಳಗಿನ ಗಡಿಯಾರ ಕ್ರಿಸ್ಟಲ್, ಅಂದರೆ ನಿಖರವಾಗಿ ಬಡಿಯುವ ಹರಳು, ಅಲ್ಲ. ಫ್ಯಾಕ್ಟರಿಯಿಂದ ಬರುವಾಗಲೇ ಶೇ 10ರವರೆಗೆ ಹೆಚ್ಚುಕಡಿಮೆ ಇರಬಹುದು, ಮೇಲೆ ಬಿಸಿಗೂ ವೋಲ್ಟೇಜ್‌ಗೂ ಅಲುಗುತ್ತದೆ. ಕೊನೆಯ ಬಿಟ್ ಹೊತ್ತಿಗೆ ಅರ್ಧ ಬಿಟ್ ಜಾರಿದರೂ ಓದು ಕೆಡುತ್ತದೆ. ಹಾಗಾಗಿ ಶೇ 2ರೊಳಗೆ ಇರುವುದು ಒಳ್ಳೆಯದು.

ಇದಕ್ಕೊಂದು ಚೆಂದದ ಉಪಾಯವಿದೆ. ಇಂಗ್ಲಿಷಿನ ದೊಡ್ಡ ‘ಯು’ (U) ಅಕ್ಷರ ತಂತಿಯಲ್ಲಿ 0101010101 ಆಗುತ್ತದೆ. ಅದನ್ನೇ ಬಿಡುವಿಲ್ಲದೆ ಕಳಿಸುತ್ತಿದ್ದರೆ ಪಿನ್‌ನಲ್ಲಿ 4800 ಹರ್ಟ್ಸ್‌ನ ಚೌಕದ ಅಲೆ ಬರಬೇಕು. ಹರ್ಟ್ಸ್ ತೋರಿಸುವ ಮಲ್ಟಿಮೀಟರ್ ಇಡಿ. 4900 ತೋರಿಸಿದರೆ ಗಡಿಯಾರ ಶೇ 2ರಷ್ಟು ಮುಂದೆ ಓಡುತ್ತಿದೆ. ಆಗ ಗಡಿಯಾರದ ವೇಗ ತಿದ್ದುವ ಓಎಸ್‌ಸಿಸಿಎಎಲ್ (OSCCAL) ಎಂಬ ರಿಜಿಸ್ಟರ್‌ನ (ಚಿಪ್‌ನೊಳಗಿನ ಪುಟ್ಟ ನೆನಪಿನ ಜಾಗದ) ಬೆಲೆ ಒಂದೊಂದೇ ಇಳಿಸಿ, ಹಿಂದೆ ಬಿದ್ದಿದ್ದರೆ ಏರಿಸಿ. 127ರಿಂದ 128ಕ್ಕೆ ದಾಟಬೇಡಿ, ಅಲ್ಲಿ ವೇಗ ಏರುವ ಬದಲು ಧಪ್ಪನೆ ಇಳಿಯುತ್ತದೆ. ಸರಿಯಾದ ಬೆಲೆಯನ್ನು ಕರೆಂಟ್ ಹೋದರೂ ಅಳಿಯದ ಇಇಪ್ರಾಮ್ ನೆನಪಿನಲ್ಲಿ ಬರೆದಿಡಿ.

ಇದನ್ನು ಫ್ಯಾನ್ ಕೆಳಗೆ ಕೂತು ಮಾಡಬೇಡಿ. ಚಿಪ್ ಇರುವ ಡಬ್ಬಿಯನ್ನು ಎರೆ ಹೊಲದ ಬಿಸಿಲಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಅಳೆಯಿರಿ. ಡಬ್ಬಿಯೊಳಗೆ ಹೊರಗಿಗಿಂತ ಜಾಸ್ತಿ ಕಾವು ಇರುತ್ತದೆ. ಬೆಳಗಿನ ಜಾವದಲ್ಲೂ ಒಮ್ಮೆ ನೋಡಿ, ಎರಡಕ್ಕೂ ಹೊಂದುವ ಬೆಲೆ ಸಿಗದಿದ್ದರೆ 2 ಮತ್ತು 3ನೇ ಕಾಲಿಗೆ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ. ಎರಡು ಪಿನ್ ಹೋಗುತ್ತವೆ, ನೆಮ್ಮದಿ ಸಿಗುತ್ತದೆ.

ಕೇಳಿಸಿಕೊಳ್ಳುವುದೂ ಹೀಗೆಯೇ. ಪಿನ್ ಕೆಳಗಿಳಿದ ಕೂಡಲೇ 52 ಮೈಕ್ರೋಸೆಕೆಂಡ್ ಕಾಯಿರಿ. ಇನ್ನೂ ಕೆಳಗೇ ಇದ್ದರೆ ನಿಜವಾದ ಶುರು. ಅಲ್ಲಿಂದ 104ಕ್ಕೊಮ್ಮೆ ನೋಡಿದರೆ ಪ್ರತಿ ಬಿಟ್‌ನ ನಡುಮಧ್ಯಕ್ಕೆ ಬೀಳುತ್ತೀರಿ. ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡ್‌ನಷ್ಟು ಹೊತ್ತು ಚಿಪ್ ಬೇರೇನೂ ಮಾಡಲಾರದು. ತೇವದ ಲೆಕ್ಕ ಗಂಟೆಗೊಮ್ಮೆ ಹೋಗುವುದರಿಂದ ಇದೇನೂ ತೊಂದರೆಯಲ್ಲ. ಎಡೆಬಿಡದೆ ಮಾತಾಡುವ ಜಿಪಿಎಸ್ ಜೋಡಿಸುವುದಾದರೆ ಮಾತ್ರ ಪೋರ್ಟ್ ಇರುವ ಎಟಿಮೆಗಾ 328 ಕೊಳ್ಳಿ.