ಯೆಜ್ಡಿ 250: ಮೊದಲು ಓಟ, ಆಮೇಲೆ ಹೊಳಪು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳ ತಯಾರಿಕೆ ಆರಂಭಿಸಿತು; ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ನಾನು ಈಚೆಗೆ ಕೊಂಡಿರುವುದು ಅಲ್ಲಿಯೇ ತಯಾರಾದ, ಎಪ್ಪತ್ತರ ದಶಕದ ಯೆಜ್ಡಿ 250. ಬಹುಕಾಲ ಓಡಿಸದೆ ನಿಲ್ಲಿಸಿದ್ದ ಗಾಡಿ ಅದು. ಹಳೆಯ ಬೈಕ್ ಕೊಂಡವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಪೇಂಟರ್ ಬಳಿಗೆ. ಎಂಜಿನ್ ಒಂದು ಹದಕ್ಕೆ ಬರುವವರೆಗೆ ಬಣ್ಣದ ಮಾತೇ ಬೇಡವೆಂಬುದು ನನ್ನ ನಿಲುವಾಗಿತ್ತು, ಏಕೆಂದರೆ ಎಂಜಿನ್ ಇಳಿಸಿ ಏರಿಸುವಾಗ ಹೊಸ ಬಣ್ಣಕ್ಕೆ ಗೀರು ಬೀಳದೆ ಇರುವುದಿಲ್ಲ.

ನಿಂತ ಗಾಡಿಯನ್ನು ನೇರವಾಗಿ ಕಿಕ್ ಮಾಡಬಾರದು. ಒಣಗಿದ ಪಿಸ್ಟನ್ ರಿಂಗುಗಳು ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಗೀರಿಬಿಡುತ್ತವೆ. ಆದ್ದರಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನ ಮೂಲಕ ಸ್ವಲ್ಪ ಟು-ಟಿ (ಟು-ಸ್ಟ್ರೋಕ್ ಎಂಜಿನ್) ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೆಯೇ ಇರಿಸಿ, ಮರುದಿನ ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದೆ. ಪಿಸ್ಟನ್ ಎಲ್ಲಿಯೂ ಹಿಡಿಯದೆ ಚಲಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ. ಟ್ಯಾಂಕಿನ ಒಳಗೆಲ್ಲ ತುಕ್ಕು ಹಿಡಿದಿತ್ತು. ಒಂದು ಹಿಡಿ ಸಣ್ಣ ನಟ್ಟುಗಳನ್ನೂ ವಿನೆಗರನ್ನೂ ಹಾಕಿ ಅಲುಗಾಡಿಸಿ, ಆಮ್ಲದ ಅಂಶ ಉಳಿಯದಂತೆ ಅಡುಗೆ ಸೋಡಾ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಕೊನೆಗೆ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಜಾಲಾಡಿಸಿದೆ. ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ತಂತಿ ತೂರಿಸದೆ ಗಾಳಿ ಹೊಡೆದು ಶುಚಿ ಮಾಡಿದೆ. ತಂತಿ ತೂರಿಸಿದರೆ ತೂತು ಹಿಗ್ಗುತ್ತದೆ, ಮತ್ತೆ ಯಾವ ಟ್ಯೂನಿಂಗೂ ಸರಿಹೋಗುವುದಿಲ್ಲ.

ಈ ಗಾಡಿಯ ಜೀವ ಇರುವುದು ಬಲಬದಿಯ ಕವರಿನ ಹಿಂದಿರುವ ಪಾಯಿಂಟ್‌ನಲ್ಲಿ, ಅಂದರೆ ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸ್ವಿಚ್ಚಿನಲ್ಲಿ. ಆರು ವೋಲ್ಟಿನ ವ್ಯವಸ್ಥೆಯಾದ್ದರಿಂದ ಒಂದು ವೈರಿನ ತುದಿ ಕಿಲುಬು ಹಿಡಿದರೂ ಕಿಡಿ ಸೊರಗುತ್ತದೆ. ಹಾಗಾಗಿ ಅರ್ತಿಂಗ್ ಜಾಗಗಳನ್ನೆಲ್ಲ ಉಜ್ಜಿ, ಕಂಡೆನ್ಸರ್ ಬದಲಿಸಿ, ಪಾಯಿಂಟ್ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ನೋಡಲು ಹಳಬರ ಉಪಾಯವನ್ನೇ ಬಳಸಿದೆ: ಸಿಗರೇಟು ಸುತ್ತುವಂಥ ತೆಳ್ಳನೆಯ ಕಾಗದದ ಚೂರೊಂದನ್ನು ಪಾಯಿಂಟ್‌ಗಳ ನಡುವೆ ಸಿಕ್ಕಿಸಿ, ಅದನ್ನು ಹಗುರವಾಗಿ ಎಳೆಯುತ್ತಲೇ ಎಂಜಿನನ್ನು ತಿರುಗಿಸುತ್ತಾ ಹೋಗಬೇಕು. ಕಾಗದ ಸಡಿಲಗೊಂಡು ಕೈಗೆ ಬರುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಆಗ ಪಿಸ್ಟನ್ ತುತ್ತತುದಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಪ್ಲಗ್ ತೂತಿನಲ್ಲಿ ಕೂರಿಸಿದ ಗೇಜ್ ಹೇಳುತ್ತದೆ. ಬಲ್ಬಿನ ಸಹಾಯದಿಂದಲೂ ಇದನ್ನು ಮಾಡಬಹುದು, ಆದರೆ ಕಾಗದದ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಗಾಡಿ ಸ್ಟಾರ್ಟ್ ಆಯಿತು, ಆದರೆ ಬಿಳಿ ಹೊಗೆ ನಿಲ್ಲಲಿಲ್ಲ. ಗೇರ್‌ಬಾಕ್ಸಿನ ಎಣ್ಣೆಯೂ ದಿನೇ ದಿನೇ ಇಳಿಯತೊಡಗಿತು. ಟು-ಸ್ಟ್ರೋಕ್ ಎಂಜಿನ್ ಕ್ರ್ಯಾಂಕ್‌ಕೇಸಿನೊಳಗಿನ ಒತ್ತಡದ ಏರಿಳಿತದಿಂದಲೇ ಉಸಿರಾಡುವುದರಿಂದ, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರಿದರೆ ಎಡಬದಿಯಿಂದ ಗೇರ್‌ಬಾಕ್ಸಿನ ಎಣ್ಣೆಯನ್ನೂ ಬಲಬದಿಯಿಂದ ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಮೊದಲನೆಯದು ಬರೀ ಹೊಗೆ. ಎರಡನೆಯದು ಅಪಾಯಕಾರಿ, ಏಕೆಂದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾದರೆ ಎಂಜಿನ್ ಕಾದು ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲಬಹುದು. ಇಂಥ ಗಾಡಿಗಳಿಗೆ ಸಿಲಿಂಡರನ್ನು ಕೊರೆದು (ಬೋರ್ ಮಾಡಿ) ಹೊಸ ರಿಂಗ್ ಹಾಕಿದರೆ ಸಾಕೆಂದು ಸಲಹೆ ಕೊಡುವವರು ಬಹಳ. ನಾನು ಎಂಜಿನ್ ಇಳಿಸಿ ಸೀಲುಗಳನ್ನು ಬದಲಿಸುವುದೇ ಸರಿಯೆಂದು ಕಂಡು, ಹೇಗೂ ಬಿಚ್ಚಿದ್ದರಿಂದ ಕ್ರ್ಯಾಂಕ್ ಬೇರಿಂಗುಗಳನ್ನೂ ಹೊಸದಾಗಿ ಹಾಕಿಸಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಹುಡುಕುವವರು ಹಳೆಯ ಸೀಲನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು, ಮಾಡೆಲ್ ಹೆಸರು ಹೇಳಿ ಕೊಂಡದ್ದು ಅಳತೆಗೆ ಕೂರುತ್ತದೆಂಬ ಭರವಸೆಯಿಲ್ಲ.

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಗಾಡಿಯಿದು. ಒಳಗೆ ಸದ್ದು ತಗ್ಗಿಸುವ ಬ್ಯಾಫಲ್‌ಗಳನ್ನು ಹೊರಗೆಳೆದು ಕಪ್ಪು ಕರಿಯನ್ನು ಕೆರೆದದ್ದರಿಂದ ಎಳೆತವೂ ಸುಧಾರಿಸಿತು, ಆ ಪರಿಚಿತ ಸದ್ದೂ ಮರಳಿತು. ಸದ್ದು ಹೆಚ್ಚಲೆಂದು ಬ್ಯಾಫಲ್‌ಗಳನ್ನೇ ಕಿತ್ತೆಸೆಯುವ ಚಾಳಿ ನನಗೆ ಸೇರದು. ಅದರಿಂದ ಎಂಜಿನ್ ಕಡಿಮೆ ವೇಗದಲ್ಲಿ ಬಲ ಕಳೆದುಕೊಳ್ಳುತ್ತದೆ. ಬ್ರೇಕ್ ಶೂ, ಕೇಬಲ್, ಟಯರುಗಳನ್ನು ಯೋಚನೆಯಿಲ್ಲದೆ ಹೊಸದಾಗಿ ಹಾಕಿದೆ.

ಆಮೇಲೆ ರೂಪದ ಸರದಿ. ಕಾರ್ಖಾನೆಯ ಮೂಲ ಬಣ್ಣ ಇನ್ನೂ ಬಹುಮಟ್ಟಿಗೆ ಉಳಿದಿತ್ತು. ಸೋಪು ನೀರಿನಿಂದ ತೊಳೆದು, ಮಡ್‌ಗಾರ್ಡಿನ ಒಳಬದಿಯಲ್ಲಿ ಒಂದು ಚೂರು ಜಾಗದಲ್ಲಿ ಕಾಂಪೌಂಡ್ (ಬಣ್ಣ ಉಜ್ಜಿ ಹೊಳೆಸುವ ಪೇಸ್ಟ್) ಹಚ್ಚಿ ಪರೀಕ್ಷಿಸಿದಾಗ ಮಸುಕಿನಡಿಯಿಂದ ಕೆಂಪು ಮೇಲೆದ್ದು ಬಂತು. ಅಂಚುಗಳಲ್ಲಿ ಬಣ್ಣ ತೆಳ್ಳಗಿರುವುದರಿಂದ ಅಲ್ಲಿ ಮೆಷಿನ್ ಬಳಸದೆ ಬಟ್ಟೆಯಿಂದಲೇ ಉಜ್ಜಿದೆ. ಕೈಯಿಂದ ಎಳೆದ ಗೆರೆಗಳನ್ನು ಮುಟ್ಟಲಿಲ್ಲ. ಇಂದಿನ ಸ್ಟಿಕ್ಕರುಗಳಿಗೆ ಆ ಗೆರೆಯ ಸಣ್ಣ ಅಂಕುಡೊಂಕು ಬರುವುದಿಲ್ಲ. ಕ್ರೋಮ್ ಮೇಲಿನ ಚುಕ್ಕೆ ತುಕ್ಕು, ನೀರಿನಲ್ಲಿ ಅದ್ದಿ ಮುದುಡಿದ ಅಲ್ಯೂಮಿನಿಯಂ ಹಾಳೆಯಿಂದ ತಿಕ್ಕಿದಾಗ ಬಹುಪಾಲು ಹೋಯಿತು. ಲೇಪನವೇ ಎದ್ದುಹೋಗಿದ್ದ ಹ್ಯಾಂಡಲನ್ನು ಮಾತ್ರ ಮರುಲೇಪನಕ್ಕೆ ಕಳಿಸಿದೆ, ಅದೂ ತಾಮ್ರ, ನಿಕ್ಕಲ್ ಪದರಗಳಾದ ಮೇಲೆಯೇ ಕ್ರೋಮ್ ಕೂರಿಸಬೇಕೆಂದು ಒತ್ತಿ ಹೇಳಿ.

ಈಗ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟು-ಟಿ ಬೆರೆಸಿ ಓಡಿಸುತ್ತಿದ್ದೇನೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ತೇವ ಹೀರಿ ಹಳೆಯ ರಬ್ಬರನ್ನು ಹಾಳುಗೆಡಹುವುದರಿಂದ ಪೆಟ್ರೋಲ್ ಪೈಪನ್ನು ಬದಲಿಸಿದ್ದೇನೆ. ಕೆಲದಿನ ಗಾಡಿ ತೆಗೆಯುವುದಿಲ್ಲವೆಂದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಚಾಲನೆಯಲ್ಲಿಟ್ಟು ಕಾರ್ಬೊರೇಟರನ್ನು ಖಾಲಿ ಮಾಡಿಡುತ್ತೇನೆ.