ತೈ ಚಿಯನ್ನು ಇಡಿಯಾಗಿ ಕಲಿಯುವ ಬಗೆ: ನಿಲುವಿನಿಂದ ಕಾಳಗದವರೆಗೆ

ತೈ ಚಿ ಎಂದ ಕೂಡಲೇ ಬೆಳಗಿನ ಹೊತ್ತು ಉದ್ಯಾನದಲ್ಲಿ ಹಿರಿಯರು ನಿಧಾನವಾಗಿ ಕೈಯಾಡಿಸುವ ದೃಶ್ಯ ಕಣ್ಣೆದುರು ಬರುತ್ತದೆ. ಆ ಅಭ್ಯಾಸದಿಂದ ಮೈಗೆ ಆಗುವ ಒಳಿತು ನಿಜವಾದದ್ದೇ. ಆದರೆ ಚೀನಿ ಭಾಷೆಯಲ್ಲಿ ಈ ವಿದ್ಯೆಯ ಪೂರ್ಣ ಹೆಸರು ‘ತೈಜಿಚ್ವಾನ್’ ಎಂದಿದ್ದು, ಕೊನೆಯಲ್ಲಿರುವ ‘ಚ್ವಾನ್’ ಎಂಬ ಪದಕ್ಕೆ ಮುಷ್ಟಿ ಎಂದು ಅರ್ಥ. ಹೊಡೆತ, ಒದೆತ, ಕೆಡವುವ ಪಟ್ಟು, ಕೀಲು ಹಿಡಿದು ಕಟ್ಟಿಹಾಕುವ ಪಟ್ಟು ಇವು ನಾಲ್ಕೂ ಇದರಲ್ಲಿವೆ. ನಿಧಾನದ ವರಸೆ ಈ ಇಡೀ ಕಲಿಕೆಯ ಒಂದು ಭಾಗ ಮಾತ್ರ. ಉಳಿದ ಭಾಗಗಳನ್ನೂ ಸೇರಿಸಿ, ಯಾವುದರ ನಂತರ ಯಾವುದನ್ನು ಕಲಿಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉಳಿದ ಭಾಗಗಳು ಜನರ ಕಣ್ಣಿನಿಂದ ಮರೆಯಾದದ್ದಕ್ಕೆ ಒಂದು ಚರಿತ್ರೆಯಿದೆ. ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಅವರಿಂದ ಬೆಳೆದು ಬಂದ ಮನೆತನದ ವಿದ್ಯೆಯನ್ನು ಯಾಂಗ್ ಲುಚಾನ್ (1799–1872) ಅಲ್ಲಿಯೇ ಕಲಿತು, ಬೀಜಿಂಗ್‌ಗೆ ಒಯ್ದು ರಾಜವಂಶದವರಿಗೆ ಕಲಿಸಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಜಿಗಿತ, ನೆಲ ಗುದ್ದುವ ಹೆಜ್ಜೆ, ಹಠಾತ್ ವೇಗಗಳನ್ನು ತೆಗೆದು, ಎಲ್ಲ ವಯಸ್ಸಿನವರೂ ಮಾಡಬಲ್ಲ ಸಮವೇಗದ ವರಸೆಯನ್ನು ರೂಢಿಗೆ ತಂದರು. 1956ರಲ್ಲಿ ಚೀನದ ಕ್ರೀಡಾ ಆಯೋಗವು ಅದರಿಂದ 24 ಭಂಗಿಗಳನ್ನು ಆಯ್ದು ಆರು ನಿಮಿಷದಷ್ಟರ ಚಿಕ್ಕ ವರಸೆಯೊಂದನ್ನು ಸಿದ್ಧಪಡಿಸಿತು. ಜಗತ್ತಿನ ತರಗತಿಗಳಲ್ಲಿ ಇಂದು ಹೆಚ್ಚಾಗಿ ಹೇಳಿಕೊಡುವುದು ಅದನ್ನೇ. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ತೈ ಚಿಯನ್ನು ಸೇರಿಸಿಕೊಂಡಿತು.

ಗುರುವಿಗೆ ಕೇಳಬೇಕಾದ ಪ್ರಶ್ನೆಗಳು

ಚೆನ್, ಯಾಂಗ್, ವೂ, ಹಾವ್, ಸುನ್ ಶೈಲಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆಯಲ್ಲಿ ಹೊಸಬರು ಕಾಲ ಕಳೆಯಬೇಕಾಗಿಲ್ಲ. ಕೈಗೆಟುಕುವ ದೂರದಲ್ಲಿ ಒಳ್ಳೆಯ ಗುರು ಯಾವ ಶೈಲಿಯವರಿದ್ದರೆ ಅದೇ ಒಳ್ಳೆಯ ಶೈಲಿ. ಸೇರುವ ಮೊದಲು ಮೂರು ವಿಷಯಗಳನ್ನು ವಿಚಾರಿಸಿ: ತರಗತಿಯಲ್ಲಿ ಜೋಡಿ ಅಭ್ಯಾಸ ಇದೆಯೇ, ಪ್ರತಿಯೊಂದು ಭಂಗಿ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ತೋರಿಸಿಕೊಡುತ್ತಾರೆಯೇ, ಎದುರಿನವನು ಬಿಟ್ಟುಕೊಡದೆ ನಿಂತಾಗಲೂ ಆ ಪಟ್ಟು ನಡೆಯುತ್ತದೆಯೇ ಎಂದು ಪರೀಕ್ಷಿಸಲು ಶಿಷ್ಯರಿಗೆ ಅವಕಾಶವಿದೆಯೇ. ಮುಟ್ಟದೆಯೇ ಶಿಷ್ಯರನ್ನು ಹಾರಿಸಿ ತೋರಿಸುವ ಕಡೆ ಹಣ ಕಟ್ಟಬೇಡಿ. ವಿಡಿಯೊಗಳು ಕಲಿತದ್ದನ್ನು ನೆನಪಿಸಿಕೊಳ್ಳಲು ಸಾಕು. ಆದರೆ ನಿಮ್ಮ ಹೆಗಲು ಬಿಗಿದಿರುವುದನ್ನು ವಿಡಿಯೊ ನೋಡಿ ಹೇಳಲಾರದು.

ಮೊದಲು ನಿಲ್ಲುವುದು

‘ಝಾನ್ ಝ್ವಾಂಗ್’ ಎಂದರೆ ಕಂಬದಂತೆ ನಿಲ್ಲುವುದು. ಪಾದಗಳನ್ನು ಹೆಗಲಗಲಕ್ಕೆ ಸಮಾನಾಂತರವಾಗಿ ಇರಿಸಿ, ಮಂಡಿಗಳನ್ನು ತುಸು ಬಾಗಿಸಿ, ಎತ್ತರದ ಮಣೆಯ ಅಂಚಿನಲ್ಲಿ ಕೂರಲು ಹೊರಟವರಂತೆ ಸೊಂಟವನ್ನು ಇಳಿಬಿಡಬೇಕು. ನೆತ್ತಿಯನ್ನು ಯಾರೋ ದಾರದಿಂದ ಮೇಲಕ್ಕೆ ಹಿಡಿದಂತೆ ಕತ್ತು ನೇರವಾಗಿರಲಿ. ದೊಡ್ಡ ಕೊಡವೊಂದನ್ನು ಎದೆಯ ಮುಂದೆ ಬಳಸಿ ಹಿಡಿದಂತೆ ತೋಳುಗಳು ದುಂಡಗಿರಲಿ, ಮೊಣಕೈಗಳು ಹೆಗಲಿಗಿಂತ ಕೆಳಗಿರಲಿ. ಮೊದಲ ವಾರ ಐದು ನಿಮಿಷ ಸಾಕು. ಎರಡನೆಯ ನಿಮಿಷಕ್ಕೆ ಹೆಗಲು ಉರಿಯುತ್ತದೆ, ಮೂರನೆಯದಕ್ಕೆ ತೊಡೆ ನಡುಗುತ್ತದೆ. ಆ ಹೊತ್ತಿನಲ್ಲಿ ಹಲ್ಲು ಕಚ್ಚಿ ತಡೆಯುವ ಬದಲು, ಎಲ್ಲಿ ಬಿಗಿಯಿದೆ ಎಂದು ಹುಡುಕಿ ಅಲ್ಲಿ ಸಡಿಲಿಸುತ್ತ ಭಾರವನ್ನು ಪಾದಕ್ಕೆ ಇಳಿಸುವುದೇ ಅಭ್ಯಾಸ. ಚೀನಿಯರು ಇದನ್ನು ‘ಸೊಂಗ್’ ಎನ್ನುತ್ತಾರೆ. ಸೊಂಗ್ ಎಂದರೆ ಜೋತುಬೀಳುವುದಲ್ಲ. ಮೂಳೆಗಳ ಜೋಡಣೆ ಭಾರ ಹೊರುವಾಗ ಬೇಡದ ಸ್ನಾಯುಗಳು ಬಿಡುವು ಪಡೆಯುವ ಸ್ಥಿತಿ ಅದು. ಕೆಲವು ತಿಂಗಳಲ್ಲಿ ಇಪ್ಪತ್ತು ನಿಮಿಷಕ್ಕೆ ಏರಿಸಬಹುದು. ಹಲವರಿಗೆ ಇದು ಬೇಸರದ ಪಾಠವೆನಿಸುತ್ತದೆ, ಆದರೆ ಮುಂದಿನ ಎಲ್ಲ ಪಾಠಗಳಲ್ಲೂ ಗುರುಗಳು ತಿದ್ದುವುದು ಇದನ್ನೇ.

ನಡಿಗೆ, ಮಂಡಿ ಮತ್ತು ತೊಡೆಸಂದು

ಮುಂದಿನ ಪಾಠ ಹೆಜ್ಜೆ ಇಡುವುದು. ಭಾರವೆಲ್ಲ ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲು ಬರಿದಾದ ಮೇಲೆ ಬೆಕ್ಕು ಹೆಜ್ಜೆಯಿಡುವಂತೆ ಅದನ್ನು ಎತ್ತಿ, ಹಿಮ್ಮಡಿಯನ್ನು ಮೆಲ್ಲಗೆ ಊರಿ, ಆಮೇಲಷ್ಟೇ ಭಾರವನ್ನು ಸಾಗಿಸಬೇಕು. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ಹೂತುಹೋದವನು ತಳ್ಳಿದ ತಕ್ಷಣ ತಿರುಗಲಾರ ಎಂಬ ಕಾರಣಕ್ಕೆ ಅದನ್ನು ದೋಷವೆಂದು ಎಣಿಸಲಾಗಿದೆ.

ಮೊಣಕಾಲಿನ ಬಗ್ಗೆ ಇಲ್ಲಿ ತುಸು ನಿಂತು ಹೇಳಬೇಕು. ಮೊದಲ ವರ್ಷ ನನಗೆ ಬಲ ಮಂಡಿಯ ಒಳಬದಿಯಲ್ಲಿ ಸತತ ನೋವಿತ್ತು. ನನ್ನ ಗುರುಗಳು ಒಂದು ದಿನ ನೆಲಕ್ಕೆ ಕುಳಿತು, ನಾನು ತಿರುಗುವಾಗ ನನ್ನ ಮಂಡಿಯ ಮೇಲೆ ಎರಡು ಬೆರಳಿಟ್ಟರು. ಸೊಂಟ ತಿರುಗಬೇಕಾದ ಕಡೆ ನನ್ನ ಮಂಡಿ ಒಳಕ್ಕೆ ಕುಸಿಯುತ್ತಿತ್ತು. ಪಾದ ನೆಲಕ್ಕೆ ಕಚ್ಚಿಕೊಂಡಿದ್ದರಿಂದ ಆ ತಿರುವೆಲ್ಲ ಮಂಡಿಯ ಕೀಲಿನ ಮೇಲೆ ಬೀಳುತ್ತಿತ್ತು. ತಿರುವು ಹುಟ್ಟಬೇಕಾದದ್ದು ತೊಡೆಸಂದಿನಲ್ಲಿ, ಚೀನಿಯರು ‘ಕ್ವಾ’ ಎನ್ನುವ ಜಾಗದಲ್ಲಿ. ಮಂಡಿ ಯಾವಾಗಲೂ ಪಾದದ ಬೆರಳುಗಳ ದಿಕ್ಕಿಗೇ ಮುಖ ಮಾಡಿರಬೇಕು, ಬೆರಳುಗಳ ತುದಿಯನ್ನು ದಾಟಬಾರದು. ಮಂಡಿ ನೋವು ಮೊದಲೇ ಇರುವವರು ಎತ್ತರದ ನಿಲುವಿನಲ್ಲಿಯೇ ಅಭ್ಯಾಸ ಮಾಡಬೇಕು ಮತ್ತು ಆರಂಭಕ್ಕೆ ಮುನ್ನ ವೈದ್ಯರಿಗೆ ತೋರಿಸಬೇಕು.

ವರಸೆಯನ್ನು ಓದುವುದು

ಈಗ ವರಸೆ. ಯಾಂಗ್ ಶೈಲಿಯ ದೀರ್ಘ ವರಸೆಯನ್ನು 108 ಭಂಗಿಗಳೆಂದು ಎಣಿಸುವುದು ರೂಢಿಯಲ್ಲಿದೆ. ಅದನ್ನು ಪೂರ್ತಿ ಕಲಿಯಲು ಒಂದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಅವಸರಕ್ಕಿಂತ ಅರ್ಥ ಮುಖ್ಯವಾದ್ದರಿಂದ, ವಾರಕ್ಕೆ ಒಂದೇ ಭಂಗಿಯನ್ನು ಕಲಿತರೂ ಅದರ ಬಳಕೆಯನ್ನು ಕೇಳಿ ತಿಳಿದುಕೊಳ್ಳಿ.

‘ಗುಬ್ಬಚ್ಚಿಯ ಬಾಲ ಹಿಡಿಯುವುದು’ ಎಂಬ ಭಂಗಿಗುಚ್ಛವನ್ನೇ ನೋಡೋಣ. ಯಾಂಗ್ ವರಸೆಯ ಆರಂಭದಲ್ಲಿಯೇ ಬರುವ ಇದರಲ್ಲಿ ತೈ ಚಿಯ ನಾಲ್ಕು ಮೂಲ ಶಕ್ತಿಗಳು ಅಡಗಿವೆ. ತೋಳನ್ನು ಎದೆಯ ಮುಂದೆ ದುಂಡಗೆ ಎತ್ತಿ, ಗಾಳಿ ತುಂಬಿದ ಚೆಂಡಿನಂತೆ ಹೊರಮುಖದ ಒತ್ತಡ ಉಳಿಸಿಕೊಳ್ಳುವುದು ‘ಪಂಗ್’. ಎದುರಿನವನು ಆ ತೋಳನ್ನು ತಳ್ಳಿದರೆ, ಒಂದು ಕೈ ಅವನ ಮಣಿಕಟ್ಟಿಗೆ, ಇನ್ನೊಂದು ಕೈ ಅವನ ಮೊಣಕೈಗೆ ಅಂಟಿ, ಸೊಂಟ ತಿರುಗಿಸಿ ಅವನ ಬಲವನ್ನು ನಮ್ಮ ಪಕ್ಕದಿಂದ ಸಾಗಹಾಕುವುದು ‘ಲ್ಯೂ’. ಮುಗ್ಗರಿಸಿದೆನೆಂದು ಅವನು ಹಿಂದೆ ಸರಿದರೆ, ಅವನ ಹಿಂದೆಯೇ ಹೋಗಿ, ಒಂದು ಮುಂದೋಳಿನ ಹಿಂದೆ ಇನ್ನೊಂದು ಅಂಗೈಯನ್ನು ಸೇರಿಸಿ ಒತ್ತುವುದು ‘ಜಿ’. ಕೊನೆಯಲ್ಲಿ ಎರಡೂ ಅಂಗೈಗಳನ್ನು ಮೊದಲು ಕೆಳಗಿಳಿಸಿ ಅವನ ತೋಳುಗಳನ್ನು ಹುಗಿದು, ಆಮೇಲೆ ಮುಂದಕ್ಕೆ ತಳ್ಳುವುದು ‘ಆನ್’. ಹೀಗೆ ಓದಿದಾಗ ವರಸೆಯು ಇಬ್ಬರ ನಡುವಿನ ಒಂದು ಮಾತುಕತೆ ಎಂದು ತಿಳಿಯುತ್ತದೆ. ಎದುರಿನವನನ್ನು ಕಣ್ಣಲ್ಲಿ ಕಾಣದೆ ಮಾಡುವ ವರಸೆಯಲ್ಲಿ ಕೈ ಎಲ್ಲಿ ನಿಲ್ಲಬೇಕೆಂಬುದು ಊಹೆಯಾಗಿಯೇ ಉಳಿಯುತ್ತದೆ.

ತ್ಸಾಯ್, ಲಿಯೆ, ಝೌ, ಕಾವ್ ಎಂಬ ಇನ್ನೂ ನಾಲ್ಕು ಶಕ್ತಿಗಳಿವೆ: ಕೆಳಕ್ಕೆ ಕಿತ್ತೆಳೆಯುವುದು, ಸೀಳಿ ತಿರುಚುವುದು, ಮೊಣಕೈಯ ಬಳಕೆ ಮತ್ತು ಹೆಗಲಿನ ಹೊಡೆತ. ಈ ಎಂಟಕ್ಕೆ ಮುಂದೆ, ಹಿಂದೆ, ಎಡ, ಬಲ, ನಡು ಎಂಬ ಐದು ಹೆಜ್ಜೆಗಳು ಸೇರಿದರೆ ‘ಹದಿಮೂರು ನಿಲುವು’ ಎಂಬ ಹಳೆಯ ಹೆಸರು ಪೂರ್ತಿಯಾಗುತ್ತದೆ.

ತಳ್ಳುವ ಕೈಗಳು

ಇಡೀ ಕಲಿಕೆಯ ನಡುಗಂಬವೆಂದರೆ ‘ತುಯಿ ಶೌ’, ಅಂದರೆ ತಳ್ಳುವ ಕೈಗಳು. ನಮ್ಮ ಗರಡಿಗಳಲ್ಲಿ ಸಾಮು ಮಾಡಿದವನೂ ಜೋಡಿಯೊಂದಿಗೆ ಮಣ್ಣಿಗಿಳಿಯದೆ ಪೈಲ್ವಾನನಾಗುವುದಿಲ್ಲ, ಇಲ್ಲಿಯೂ ಹಾಗೆಯೇ. ವರಸೆಯ ಮೊದಲ ಕಾಲು ಭಾಗ ಕೈಗೆ ಹತ್ತಿದ ಕೂಡಲೇ ಇದನ್ನು ಶುರುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಷಗಟ್ಟಲೆ ಕಾಯಿಸುವ ಗುರುಗಳಿದ್ದಾರೆ, ಆದರೆ ಅಷ್ಟರಲ್ಲಿ ತಪ್ಪು ಅಭ್ಯಾಸಗಳು ಮೈಯಲ್ಲಿ ಬೇರುಬಿಟ್ಟಿರುತ್ತವೆ.

ಒಂದೇ ಕೈಯಿಂದ ಆರಂಭಿಸಿ. ಇಬ್ಬರೂ ಎದುರುಬದುರಾಗಿ ಬಲಗಾಲು ಮುಂದಿಟ್ಟು ನಿಂತು, ಬಲ ಮಣಿಕಟ್ಟುಗಳ ಹೊರಬದಿಯನ್ನು ಪರಸ್ಪರ ತಾಗಿಸಬೇಕು. ಒಬ್ಬನು ಅಂಗೈಯನ್ನು ಇನ್ನೊಬ್ಬನ ಎದೆಯತ್ತ ತಿರುಗಿಸಿ ಮೆಲ್ಲಗೆ ಒತ್ತುತ್ತಾನೆ. ಒತ್ತಿಸಿಕೊಂಡವನು ತೋಳಿನ ದುಂಡುತನ ಕುಸಿಯಲು ಬಿಡದೆ, ಭಾರವನ್ನು ಹಿಂಗಾಲಿಗೆ ಸಾಗಿಸಿ, ಸೊಂಟವನ್ನು ಬಲಕ್ಕೆ ತಿರುಗಿಸಿದಾಗ ಆ ಒತ್ತು ಎದೆಯನ್ನು ತಲುಪದೆ ಬಲಪಕ್ಕದಿಂದ ಜಾರಿಹೋಗುತ್ತದೆ. ಅಲ್ಲಿಂದ ಅವನು ತನ್ನ ಅಂಗೈ ತಿರುಗಿಸಿ ಮರಳಿ ಒತ್ತುತ್ತಾನೆ. ಈ ಚಕ್ರ ಕಾಲು ಗಂಟೆ ನಡೆದರೆ ಬೆವರು ಬರುತ್ತದೆ.

ಗಮನವಿಡಬೇಕಾದದ್ದು ಮಣಿಕಟ್ಟು ತಾಗಿದ ಆ ರೂಪಾಯಿಯಗಲದ ಚರ್ಮದ ಮೇಲೆ. ಅಲ್ಲಿನ ಒತ್ತಡ ಹೆಚ್ಚಲೂಬಾರದು, ತಪ್ಪಲೂಬಾರದು. ಎದುರಿನವನ ಬಲ ಎಲ್ಲಿಂದ ಹೊರಟಿದೆ, ಯಾವ ಕಡೆಗೆ ಹೋಗುತ್ತಿದೆ ಎಂದು ಅಲ್ಲಿಂದಲೇ ಅರಿಯುವುದನ್ನು ‘ತಿಂಗ್ ಜಿನ್’ ಎನ್ನುತ್ತಾರೆ. ಅದರ ನೇರ ಅರ್ಥ ಕಿವಿಗೊಡುವ ಶಕ್ತಿ ಎಂದು. ಕಲಿಯುವವರು ಬೀಳುವ ಗುಂಡಿಗಳು ನಾಲ್ಕು: ಬಲಕ್ಕೆ ಬಲ ಕೊಟ್ಟು ಡಿಕ್ಕಿ ಹೊಡೆಯುವುದು, ಒತ್ತಿದೊಡನೆ ಚಪ್ಪಟೆಯಾಗಿ ಕುಸಿಯುವುದು, ಸಂಪರ್ಕ ಕಳೆದುಕೊಳ್ಳುವುದು, ಬಿಗಿದುಕೊಂಡು ತಡೆಯುವುದು. ಗಟ್ಟಿಮುಟ್ಟಾದವರು ಮೊದಲನೆಯದಕ್ಕೂ ಸಂಕೋಚದವರು ಎರಡನೆಯದಕ್ಕೂ ಬೀಳುವುದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಸೋಲುವುದಕ್ಕೆ ಅಂಜದೆ, ದಿನಕ್ಕೆ ಹತ್ತು ಸಲ ನೆಲೆ ತಪ್ಪುವವನೇ ಬೇಗ ಕಲಿಯುತ್ತಾನೆ.

ಒಂದು ಕೈ ಹದವಾದ ಮೇಲೆ ಪಂಗ್, ಲ್ಯೂ, ಜಿ, ಆನ್ ಸರದಿಯಂತೆ ಬರುವ ಎರಡು ಕೈಗಳ ಅಭ್ಯಾಸ, ಆಮೇಲೆ ಹೆಜ್ಜೆ ಹಾಕುತ್ತ ತಳ್ಳುವುದು, ಕಡೆಗೆ ಯಾವ ಕ್ರಮವೂ ಇಲ್ಲದ ಮುಕ್ತ ತಳ್ಳಾಟ.

ಪಟ್ಟುಗಳು, ಬಲ, ಆಯುಧ

ತಳ್ಳಾಟದಲ್ಲಿ ನೆಲೆ ಸಿಕ್ಕವರಿಗೆ ಪಟ್ಟುಗಳು ಸಹಜವಾಗಿ ತೆರೆದುಕೊಳ್ಳುತ್ತವೆ. ಮೇಲೆ ಹೇಳಿದ ಲ್ಯೂವನ್ನೇ ತುಸು ಬಿಗಿಗೊಳಿಸಿದರೆ ಎದುರಿನವನ ಮೊಣಕೈ ನೆಟ್ಟಗಾಗಿ ಕೀಲುಪಟ್ಟು ಆಗುತ್ತದೆ. ಅವನ ಮುಂಗಾಲಿಗೆ ನಮ್ಮ ಕಾಲನ್ನು ಅಡ್ಡ ಕೊಟ್ಟರೆ ಅದೇ ಕೆಡವುವ ಪಟ್ಟಾಗುತ್ತದೆ. ‘ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು’ ಎಂಬ ಭಂಗಿಯಲ್ಲಿ ಮುಂಗಾಲು ಹಗುರಾಗಿರುವುದು ಒದೆಯಲು ಸಿದ್ಧವಾಗಿರಲೆಂದು. ಇವನ್ನು ಅಭ್ಯಾಸ ಮಾಡುವ ಮೊದಲು ಮ್ಯಾಟ್ ಮೇಲೆ ಗದ್ದವನ್ನು ಎದೆಗೆ ತಾಗಿಸಿ ಸುರಕ್ಷಿತವಾಗಿ ಬೀಳುವುದನ್ನು ಕಲಿತಿರಲೇಬೇಕು, ಮತ್ತು ಕೀಲುಪಟ್ಟಿನಲ್ಲಿ ಜೋಡಿ ಎರಡು ಸಲ ತಟ್ಟಿದ ಕೂಡಲೇ ಬಿಡಬೇಕು.

ಸಂಗ್ರಹಿಸಿದ ಬಲವನ್ನು ಕ್ಷಣದಲ್ಲಿ ಹೊರಹಾಕುವುದಕ್ಕೆ ‘ಫಾಜಿನ್’ ಎಂದು ಹೆಸರು. ಬಲದ ಬೇರು ಪಾದದಲ್ಲಿದ್ದು, ಕಾಲಿನಲ್ಲಿ ಚಿಮ್ಮಿ, ಸೊಂಟದ ಹಿಡಿತದಲ್ಲಿ ಸಾಗಿ, ಬೆರಳಲ್ಲಿ ಪ್ರಕಟವಾಗಬೇಕೆಂದು ಹಳೆಯ ತೈ ಚಿ ಸೂತ್ರಗಳು ಹೇಳುತ್ತವೆ. ಚೆನ್ ಶೈಲಿಯವರಿಗೆ ಇದಕ್ಕೆಂದೇ ‘ಪಾವ್ ಚ್ವೇ’ ಎಂಬ ಜಿಗಿತ ಮತ್ತು ಸಿಡಿತಗಳ ಎರಡನೆಯ ವರಸೆಯಿದೆ. ಉದ್ದನೆಯ ಮರದ ಕೋಲನ್ನು ತುದಿ ನಡುಗುವಂತೆ ಅಲುಗಿಸುವ ಸಾಧನೆಯೂ ಇದೆ. ತೋಳಿನಿಂದ ಅಲುಗಿಸಿದರೆ ಕೋಲು ತೂಗಾಡುತ್ತದೆ, ಸೊಂಟದಿಂದ ಅಲುಗಿಸಿದರೆ ಝೇಂಕರಿಸುತ್ತದೆ. ಸೊಂಟ ಹದವಾಗುವ ಮೊದಲು ಫಾಜಿನ್‌ಗೆ ಕೈಹಾಕಿದರೆ ಮೊಣಕೈ, ಹೆಗಲುಗಳು ಪೆಟ್ಟು ತಿನ್ನುತ್ತವೆ. ನೇರ ಖಡ್ಗ ‘ಜಿಯಾನ್’, ಬಾಗಿದ ಕತ್ತಿ ‘ದಾವ್’, ಈಟಿ ಇವೆಲ್ಲ ಆಮೇಲಿನ ಮಾತು.

ಕಾಳಗದ ಪರೀಕ್ಷೆ

ತೈ ಚಿ ಬಲ್ಲವರು ಹೊಡೆದಾಡಬಲ್ಲರೇ ಎಂಬ ಪ್ರಶ್ನೆಗೆ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಬೇಕು. 1954ರ ಜನವರಿಯಲ್ಲಿ ಮಕಾವ್‌ನಲ್ಲಿ ನಡೆದ ದತ್ತಿ ಪಂದ್ಯದಲ್ಲಿ ವೂ ಶೈಲಿಯ ಗುರು, ಐವತ್ತರ ಆಸುಪಾಸಿನ ವೂ ಗೊಂಗ್‌ಯಿ ಅವರು ‘ಬಿಳಿ ಕೊಕ್ಕರೆ’ ಎಂಬ ಬೇರೊಂದು ಚೀನಿ ಸಮರ ಕಲೆಯ ಪಂಥದ ಕಿರಿಯ ಚಾನ್ ಹಾಕ್‌ಫು ಅವರನ್ನು ಸಾವಿರಾರು ಜನರ ಮುಂದೆ ಎದುರಿಸಿದರು, ಪಂದ್ಯವನ್ನು ಗೆಲುವು ಸೋಲಿಲ್ಲದೆ ನಿಲ್ಲಿಸಲಾಯಿತು. 2017ರ ಏಪ್ರಿಲ್‌ನಲ್ಲಿ ಚೆಂಗ್ಡುವಿನಲ್ಲಿ ಮಿಶ್ರ ಸಮರ ಕಲೆಯ ಶು ಷಿಯಾವ್‌ಡಾಂಗ್ ತೈ ಚಿ ಗುರುವೊಬ್ಬರನ್ನು ಅರ್ಧ ನಿಮಿಷವೂ ಕಳೆಯುವ ಮೊದಲು ಕೆಡವಿದರು. ಮುಖಕ್ಕೆ ವೇಗವಾಗಿ ಬರುವ ಹೊಡೆತವನ್ನು ಹಿಂದೆಂದೂ ಎದುರಿಸದವರಿಗೆ, ಎಷ್ಟು ವರ್ಷದ ವರಸೆಯಿದ್ದರೂ, ಆ ಕ್ಷಣದಲ್ಲಿ ಮೈ ಬಿಗಿದುಕೊಳ್ಳುತ್ತದೆ, ಕಿವಿಗೊಡುವ ಶಕ್ತಿ ಅಲ್ಲಿಗೆ ನಿಲ್ಲುತ್ತದೆ.

ಆದ್ದರಿಂದ ಮುಕ್ತ ತಳ್ಳಾಟ ಚೆನ್ನಾಗಿ ಬಂದ ಮೇಲೆ ವಾರಕ್ಕೊಮ್ಮೆಯಾದರೂ ಗ್ಲೌಸ್ ಮತ್ತು ಹಲ್ಲಿನ ಕವಚ ಧರಿಸಿ, ಗುರುವಿನ ಕಣ್ಗಾವಲಿನಲ್ಲಿ, ಹಗುರವಾದ ಕಾಳಗ ಮಾಡಬೇಕು. ಮೊದಲ ತಿಂಗಳು ಒಬ್ಬನು ನೇರ ಹೊಡೆತವನ್ನು ಮಾತ್ರ ಹೊಡೆಯಲಿ, ಇನ್ನೊಬ್ಬನು ಪಂಗ್‌ನಿಂದ ಅದನ್ನು ತಾಗಿ, ತಾಗಿದ ಕೈಯನ್ನು ಬಿಡದೆ ಲ್ಯೂಗೆ ಇಳಿಯುವುದನ್ನು ಮಾತ್ರ ಮಾಡಲಿ. ಎರಡು ನಿಮಿಷಕ್ಕೊಮ್ಮೆ ಸರದಿ ಬದಲಾಗಲಿ. ಹೊಡೆತದ ವೇಗ ಏರಿದಾಗ ನಿಮ್ಮ ಹೆಗಲು ಮೇಲೇರುವುದು ಗಮನಕ್ಕೆ ಬಂದರೆ, ಆ ಸಂಜೆ ಮನೆಗೆ ಹೋದ ಮೇಲೆ ಮತ್ತೆ ಇಪ್ಪತ್ತು ನಿಮಿಷ ಕಂಬದಂತೆ ನಿಲ್ಲಿ.